ಮೇಲಕ್ಕೆ ಹೋಗಬೇಕಿದ್ದ ಪ್ರೆಸ್ಸು

ಆ ಕೈ ನುಜ್ಜಾದಾಗ ಬಂದ ಸದ್ದು ದೊಡ್ಡದಾಗಿರಲಿಲ್ಲ. ಆಮೇಲೆ ನನ್ನನ್ನು ಕೇಳಿದವರೆಲ್ಲ, ಪೊಲೀಸರೂ ಸೇರಿ, ಭಾರಿ ಸದ್ದೊಂದರ ವರ್ಣನೆಯನ್ನು ಎದುರುನೋಡುತ್ತಿದ್ದರು. ಹಾಗಿರಲಿಲ್ಲ. ಪಂಪಿನ ಗುಂಯ್ ಎನ್ನುವ ಶಬ್ದ ಸ್ವಲ್ಪ ದಪ್ಪಗಾಯಿತು. ಹಸಿ ಕಬ್ಬಿನ ಜಲ್ಲೆ ಗಾಣಕ್ಕೆ ಸಿಕ್ಕಾಗ ಬರುವಂಥ ಚಿಕ್ಕ ಸದ್ದೊಂದು ಬಂತು. ಸೆಟ್ಟರ್ ತಕ್ಷಣ ಕೂಗಲಿಲ್ಲ. ತನ್ನ ಬಲಗೈಯನ್ನು ನೋಡಿದ. ಅದು ಮಣಿಕಟ್ಟಿನ ತನಕ ಎರಡು ಕಬ್ಬಿಣಗಳ ನಡುವೆ ಹೋಗಿತ್ತು. ಆಮೇಲೆ ಆಪರೇಟರನ ಮುಖ ನೋಡಿದ. ಆಮೇಲೆ ಕೂಗಿದ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಬಡಾವಣೆಯಲ್ಲಿ, ತಗಡು ಒತ್ತಿ ಮೋಟಾರಿನ ಮುಚ್ಚಳಗಳನ್ನು ಮಾಡುವ ಒಂದು ಶೆಡ್ಡಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಅಲ್ಲಿದ್ದ ದೊಡ್ಡ ಪ್ರೆಸ್ಸು ಕಂಪ್ಯೂಟರಿನ ಆಜ್ಞೆಯಂತೆ ಏರಿ ಇಳಿಯುತ್ತಿತ್ತು. ಅದರ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವರು ನಮ್ಮ ಮೇಷ್ಟ್ರು. ಪಾಲಿಟೆಕ್ನಿಕ್ಕಿನಲ್ಲಿ ನನಗೆ ಅದೇ ಭಾಷೆಯನ್ನು ಕಲಿಸಿದವರು, ಪಾಠ ಬಿಟ್ಟು ಇಲ್ಲಿಗೆ ಬಂದಿದ್ದರು. ನಾನು ಅವರ ಕೈಕೆಳಗಿದ್ದೆ. ಆಪರೇಟರ್ ಎಂದರೆ ಗುಂಡಿ ಒತ್ತಿ ಪ್ರೆಸ್ಸನ್ನು ನಡೆಸುವವನು. ಸೆಟ್ಟರ್ ಎಂದರೆ ತಗಡಿಗೆ ಆಕಾರ ಕೊಡುವ ಅಚ್ಚನ್ನು, ಅಂದರೆ ಡೈಯನ್ನು, ಪ್ರೆಸ್ಸಿಗೆ ಕೂರಿಸುವವನು. ಇಬ್ಬರೂ ಶ್ರೀರಾಂಪುರದ ಕಡೆಯವರು, ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದವರು. ಆಪರೇಟರನ ತಂಗಿಯನ್ನು ಸೆಟ್ಟರನ ತಮ್ಮನಿಗೆ ಕೊಡುವ ಮಾತಾಗಿತ್ತು. ನವರಾತ್ರಿಗೆ ಸ್ವಲ್ಪ ಮುಂಚೆ ಸೆಟ್ಟರನ ಮನೆಯವರು ಬೇಡವೆಂದರು. ಅಂದಿನಿಂದ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬರತೊಡಗಿದರು. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಯಜಮಾನರ ಮನೆತನ ಮಠಕ್ಕೆ ನಡೆದುಕೊಳ್ಳುವಂಥದು. ಹಣೆಯ ವಿಭೂತಿ ಒಂದು ದಿನವೂ ತಪ್ಪಿದ್ದಿಲ್ಲ. ಆಯುಧಪೂಜೆಯ ದಿನ ಅವರು ಸುತ್ತಿಗೆಯಿಂದ ಹಿಡಿದು ಆಫೀಸಿನ ಕಂಪ್ಯೂಟರಿನ ತನಕ ಎಲ್ಲಕ್ಕೂ ತಾವೇ ಪೂಜೆ ಮಾಡುತ್ತಿದ್ದರು. ಮಾನಿಟರಿನ ಗಾಜಿನ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಕೀಲಿಮಣೆಯ ಮೇಲೆ ಸೇವಂತಿಗೆ. ಪೂಜೆಯಾದ ಆಯುಧವನ್ನು ಮಾರನೆಯ ಬೆಳಗ್ಗೆ ವಿಜಯದಶಮಿಯ ಪೂಜೆ ಮಾಡಿ ಕೈಗೆತ್ತಿಕೊಳ್ಳುವ ತನಕ ಯಾರೂ ಮುಟ್ಟುವಂತಿಲ್ಲ. ಕರೆಂಟಿನ ಪ್ಲಗ್ಗನ್ನೂ ಕಿತ್ತಿಡುತ್ತಿದ್ದರು. ದಶಮಿಯ ಬೆಳಗ್ಗೆ ಒಂದು ಮುಚ್ಚಳ ಒತ್ತಿ, ಅದನ್ನು ದೇವರ ಮುಂದಿಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಮೆರವಣಿಗೆ ನೋಡಲು ಹೋಗುವುದು ವಾಡಿಕೆ. ಆ ವರ್ಷ ಹೊಸ ಡೈ ಬಂದಿತ್ತು. ಮೊದಲ ತುಂಡು ಅದರದ್ದೇ ಆಗಬೇಕೆಂದು ಯಜಮಾನರ ಆಸೆ. ಹೊಸ ಡೈಗೆ ಪ್ರೋಗ್ರಾಮಿನಲ್ಲಿ ಕೆಲವು ಬದಲಾವಣೆ ಬೇಕಿತ್ತು. ದಶಮಿಯ ಬೆಳಗ್ಗೆ ಮೇಷ್ಟ್ರು ಅಂಗಿಯ ಜೇಬಿನಲ್ಲಿ ಒಂದು ಫ್ಲಾಪಿ ತಂದು, ಪ್ರೆಸ್ಸಿನ ಪಕ್ಕದ ಕಂಪ್ಯೂಟರಿಗೆ ಹಾಕಿದರು.

ಮೊದಲ ತುಂಡು ಚೆನ್ನಾಗಿ ಬಂತು. ಯಜಮಾನರು ಅದಕ್ಕೆ ಕುಂಕುಮ ಹಚ್ಚಿದರು. ಆದರೆ ಅದರ ಅಂಚು ಒಂದು ಕಡೆ ತರಿತರಿಯಾಗಿದೆ ಎಂದು ಸೆಟ್ಟರ್ ಬೆರಳಲ್ಲಿ ಸವರಿ ತೋರಿಸಿದ. ಡೈಯ ಕೆಳಗೆ ಒಂದು ತಗಡಿನ ಚೂರು ಕೊಟ್ಟರೆ ಸರಿಹೋಗುತ್ತದೆ ಎಂದು ಬೋಲ್ಟು ಸಡಿಲಿಸಿದ. ಪ್ರೆಸ್ಸಿನ ಮೇಲಿನ ಭಾಗ ಅಷ್ಟು ಹೊತ್ತಿಗೆ ಅರ್ಧಕ್ಕೆ ನಿಂತಿತ್ತು. ಹೀಗೆ ಡೈ ಸರಿಪಡಿಸುವಾಗ ಅದನ್ನು ಪೂರ್ತಿ ಮೇಲೆತ್ತಿ, ನಡುವೆ ಮರದ ದಿಮ್ಮಿಯ ಆಸರೆ ಕೊಡುವುದು ಕ್ರಮ. ಸೆಟ್ಟರ್ ಎಂದಿನಂತೆ ಪ್ರೆಸ್ಸಿನ ಕೆಳಗಿನ ಹಾಸನ್ನು, ಅಂದರೆ ಬೆಡ್ಡನ್ನು, ಅಂಗೈಯಿಂದ ಎರಡು ಸಲ ಬಡಿದು, "ಎತ್ತು" ಎಂದ. ಅವರಿಬ್ಬರೂ ಆ ಬೆಳಗ್ಗೆ ಆಡಿದ ಒಂದೇ ಮಾತು ಅದು. ಎತ್ತುತ್ತದೆ ಎಂಬ ಭರವಸೆಯಿಂದ ಅವನ ಕೈ ಆಗಲೇ ಡೈಯ ಕಡೆ ಹೋಗಿತ್ತು. ಎಲ್ಲ ಸೆಟ್ಟರುಗಳೂ ಹಾಗೇ ಮಾಡುತ್ತಿದ್ದರು.

ನಾನು ಆಪರೇಟರನ ಹಿಂದೆ, ಎಡಕ್ಕೆ ನಿಂತಿದ್ದೆ. ನನಗೆ ಅವನ ಭುಜ ಕಂಡಿತು, ಕೈ ಮುಂದೆ ಹೋದದ್ದು ಕಂಡಿತು. ಬೆರಳು ಯಾವ ಗುಂಡಿಯ ಮೇಲೆ ಬಿತ್ತು ಎಂಬುದು ಕಾಣಲಿಲ್ಲ. ಪ್ರೆಸ್ಸು ಕೆಳಗೆ ಬಂತು.

ಕೆಳಗೆ ಬಂದದ್ದು ಅಲ್ಲೇ ನಿಂತಿತು. ಆಪರೇಟರ್ ಗುಂಡಿಗಳನ್ನು ಒತ್ತುತ್ತಲೇ ಇದ್ದ, "ಮೇಲಕ್ಕೋಗು, ಮೇಲಕ್ಕೋಗು" ಎಂದು ಅರಚುತ್ತಿದ್ದ. ಯಜಮಾನರು ಬರಿಗಾಲಲ್ಲಿ ಓಡಿ ಮೇನ್ ಸ್ವಿಚ್ಚು ಇಳಿಸಿದರು. ಒತ್ತಡ ಬಿಡಿಸಲು ಕೈಯಿಂದ ತಿರುಗಿಸುವ ವಾಲ್ವು ಹಿಂಬದಿಯಲ್ಲಿತ್ತು. ಮೇಷ್ಟ್ರು ಮತ್ತು ಆಪರೇಟರ್ ಸೇರಿ ಅದನ್ನು ತಿರುಗಿಸಿ ಮೇಲಿನ ಭಾಗವನ್ನು ಸಲಾಕೆಯಿಂದ ಎತ್ತಿದರು. ಅಷ್ಟು ಹೊತ್ತೂ ಸೆಟ್ಟರನ ತಲೆ ನನ್ನ ತೋಳಿನ ಮೇಲಿತ್ತು. ಅವನ ಹಲ್ಲು ನನ್ನ ಅಂಗಿಯ ತೋಳನ್ನು ಕಚ್ಚಿ ಹಿಡಿದಿತ್ತು. ಕೈ ಹೊರಬಂದಾಗ ನಾನು ನೋಡಿದೆ. ಅದರ ಆಕಾರ ಹೋಗಿತ್ತು. ಬೆರಳುಗಳು ಇದ್ದ ಕಡೆ ಮೋಟಾರಿನ ಮುಚ್ಚಳದ ಅಂಚಿನ ಗುರುತು ಮೂಡಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲೆಲ್ಲ ಅಂದು ಮೆರವಣಿಗೆಗೆಂದು ಸರ್ವೆ ಕಂಬದ ತಡೆ ಕಟ್ಟಿದ್ದರು. ಯಾದವಗಿರಿ ದಾಟುವಷ್ಟರಲ್ಲಿ ಯಜಮಾನರ ವ್ಯಾನು ಜನರ ನಡುವೆ ಸಿಕ್ಕಿಕೊಂಡಿತು. ಆಪರೇಟರ್ ಇಳಿದು ವ್ಯಾನಿನ ಮುಂದೆ ಓಡುತ್ತ, ಜನರನ್ನು ಮೊಣಕೈಯಿಂದ ತಳ್ಳುತ್ತ, "ಬುಡ್ರೀ, ದಾರಿ ಬುಡ್ರೀ" ಎಂದು ಕೂಗುತ್ತಿದ್ದ. ಒಬ್ಬ ಪೀಪಿ ಮಾರುವವನು ಬಿದ್ದ. ಯಾರೋ ಆಪರೇಟರನ ಬೆನ್ನಿಗೆ ಗುದ್ದಿದರು. ಅವನು ತಿರುಗಿಯೂ ನೋಡಲಿಲ್ಲ. ನಾವು ತಲುಪುವಷ್ಟರಲ್ಲಿ ವ್ಯಾನಿನ ನೆಲಕ್ಕೆ ಹಾಸಿದ್ದ ಗೋಣಿ ತೊಯ್ದಿತ್ತು.

ಸೆಟ್ಟರನನ್ನು ಒಳಗೆ ಕರೆದೊಯ್ಯುವ ಮುಂಚೆ ಸುದ್ದಿ ಮುಟ್ಟಿ ಅವನ ತಮ್ಮ ಬಂದ. ಮದುವೆ ಮುರಿದ ಹುಡುಗ ಅವನೇ. ಲಾರಿ ಬಾಡಿ ಕಟ್ಟುವ ಕಡೆ ಕೆಲಸ, ದಪ್ಪ ಕುತ್ತಿಗೆ. ಇನ್ನಿಬ್ಬರು ಜೊತೆಗಿದ್ದರು. ಸ್ಟ್ರೆಚರಿನ ಮೇಲೆ ಬಾಗಿ, "ಏನಾಯ್ತಣ್ಣ?" ಎಂದ.

ಸೆಟ್ಟರ್ ಕಣ್ಣು ತೆರೆಯದೆ ಹೇಳಿದ: "ಎತ್ತು ಅಂದೆ ಕಣೋ. ಇಳಿಸ್ಬುಟ್ಟ."

ಆ ಎರಡು ಮಾತಿನಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಅವನು ಕಂಡದ್ದೇ ಅಷ್ಟು.

ಆ ತಮ್ಮ ತಲೆಯೆತ್ತಿದಾಗ ಆಪರೇಟರ್ ಕಂಬಕ್ಕೆ ಒರಗಿ ನಿಂತಿದ್ದ, ಅಂಗಿಯ ಎದೆಯೆಲ್ಲ ಸೆಟ್ಟರನ ರಕ್ತ. ತಮ್ಮನ ಕೈಯಲ್ಲಿ ಹೆಲ್ಮೆಟ್ ಇತ್ತು. ಮೊದಲ ಏಟು ಬಾಯಿಗೆ ಬಿತ್ತು.

"ತಂಗೀನ ಒಲ್ಲೆ ಅಂದಿದ್ಕೆ ಕೈ ತಗಂಡ್ಯೇನೋ?"

"ಇಲ್ಲ ಕಣೋ, ನಾನ್ ಒತ್ತಿದ್ದು ಮೇಲಿಂದೇ ಕಣೋ."

"ಮೇಲಿಂದ್ ಒತ್ತುದ್ರೆ ಕೆಳಕ್ ಬತ್ತದೇನೋ? ಹೆಂಗ್ ಬತ್ತದೋ, ಹೇಳೋ!"

"ನಮ್ಮವ್ವನಾಣೆ..."

"ಭಾವ ಆಗ್ಬೇಕಿತ್ತಂತೆ ಇವನು! ಹಿಡ್ಕಳ್ರೋ ಇವನ್ನ."

ಇಬ್ಬರು ಹಿಡಿದುಕೊಂಡರು. ಅವನು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಆಪರೇಟರನ ಬಲಗೈಯನ್ನು ಕಲ್ಲಿನ ಕಟ್ಟೆಯ ಮೇಲೆ ಇಡಿಸಿ ಬಡಿದ. ನಿಧಾನವಾಗಿ, ಗುರಿಯಿಟ್ಟು, ಒಂದೇ ಜಾಗಕ್ಕೆ. ನಾನು ಮತ್ತು ಮೇಷ್ಟ್ರು ನಡುವೆ ಹೋದೆವು. ಮೇಷ್ಟ್ರ ಕೊರಳಪಟ್ಟಿ ಹಿಡಿದು ಯಾರೋ ಆಚೆ ದಬ್ಬಿದರು. ನಾನು ತಮ್ಮನ ಸೊಂಟದ ಬೆಲ್ಟು ಹಿಡಿದು ಎಳೆದೆ. ಅವನು ನನ್ನ ಕಡೆ ನೋಡಿ, "ನೀವು ಆ ಕಡೆ ಹೋಗಿ ಮೇಡಂ," ಎಂದು ಮರ್ಯಾದೆಯಿಂದಲೇ ಹೇಳಿ, ಮತ್ತೆ ಹೊಡೆದ. ಆಸ್ಪತ್ರೆಯ ಕಾವಲಿನವರು ಬಂದು ಬಿಡಿಸುವ ಹೊತ್ತಿಗೆ ಮುಂಗೈಯ ಮೂಳೆ ಮುರಿದಿತ್ತು. ಹೊರಗೆ ಬ್ಯಾಂಡಿನವರು ಸಾಲುಗೂಡುತ್ತಿದ್ದರು.

ಬೇಕಂತಲೇ ಕೈ ತೆಗೆದಿದ್ದಾನೆ ಎಂದು ಸೆಟ್ಟರನ ತಮ್ಮ ದೂರು ಕೊಟ್ಟ. ಸೆಟ್ಟರನ ನಾಲ್ಕು ಬೆರಳುಗಳನ್ನೂ ಅಂಗೈಯ ಒಂದು ಭಾಗವನ್ನೂ ವೈದ್ಯರು ತೆಗೆದರು. ಕೆಲವು ದಿನ ಬಿಟ್ಟು ಹೆಡ್ ಕಾನ್‌ಸ್ಟೇಬಲ್ ಒಬ್ಬರು ಶೆಡ್ಡಿಗೆ ಬಂದು, ಗುಂಡಿ ಒತ್ತಿ ತೋರಿಸಿ ಎಂದರು. ಅವರು ಬರುವ ಮುಂಚೆ ಯಜಮಾನರು ಮೇಷ್ಟ್ರಿಗೆ, "ಎಲ್ಲ ಸರಿಯಾಗಿದೆಯಾ ಒಂದ್ಸಲ ನೋಡ್ಬುಡಿ," ಎಂದಿದ್ದರು. ಮೇಷ್ಟ್ರು ಎಚ್ಚರಿಕೆಗೆಂದು ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಮನ್ನು ಮತ್ತೊಮ್ಮೆ ಕಂಪೈಲ್ ಮಾಡಿ, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿ, ಪ್ರೆಸ್ಸಿಗೆ ಹಾಕಿದರು. ಹೆಡ್ ಕಾನ್‌ಸ್ಟೇಬಲ್ ತಾವೇ ಮೇಲಿನ ಗುಂಡಿ ಒತ್ತಿದರು. ಮೇಲಕ್ಕೆ ಹೋಯಿತು. ಎಷ್ಟು ಸಲ ಒತ್ತಿದರೂ ಮೇಲಕ್ಕೇ ಹೋಯಿತು. ಅವರು ಬಾಗಿಲಲ್ಲಿ ನಿಂತಿದ್ದ ಆಪರೇಟರನ ಕಡೆ ತಿರುಗಿ, "ಏನಪ್ಪಾ?" ಎಂದರು.  ಅವನ ಬಾಯಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

ಅವನಿಗೆ ದಿನವೂ ಸ್ಟೇಷನ್ನಿಗೆ ಹೋಗಿ ಕೂರಬೇಕಾಯಿತು. ಜೈಲಾಗುವುದು ಖಂಡಿತ ಎಂದು ಅಲ್ಲೇ ಯಾರೋ ಹೇಳಿದ್ದರು. ನಾನು ಶ್ರೀರಾಂಪುರದ ಅವನ ಮನೆಗೆ ಹೋದೆ. ಮುಂದಿನ ಕಿಟಕಿಯ ಗಾಜು ಒಡೆದಿತ್ತು. ರಟ್ಟು ಅಂಟಿಸಿದ್ದರು. ತಂಗಿ ಕಾಫಿ ತಂದಿಟ್ಟು ಒಳಗೆ ಹೋದಳು. ಅವಳ ಹಣೆಯ ಪಕ್ಕದಲ್ಲಿ ಕಲ್ಲು ತಾಗಿದ ಗಾಯವಿತ್ತು.

ಆಪರೇಟರ್ ತುಟಿ ಹೆಚ್ಚು ಅಲುಗದಂತೆ ಮಾತಾಡಿದ. "ಮೇಡಂ, ಎಲ್ರೂ ಹೇಳಿ ಹೇಳಿ ಈಗ ನಂಗೇ ಅನುಮಾನ. ಬೆರಳು ನಂದೇ. ಮೇಲಿಂದೇ ಒತ್ತಿದ್ದು. ಆದ್ರೂ ಮಲಗ್ದಾಗ ಕೆಳಗಿಂದು ಒತ್ತಿದಂಗೆ ಕಾಣ್ತದೆ."

ಒಳಗಿನಿಂದ ತಂಗಿ ಹೇಳಿದಳು: "ಒತ್ತಿಲ್ಲ ಅಂದ್ರೆ ಒತ್ತಿಲ್ಲ ಅನ್ನು. ಅನುಮಾನ ಗಿನುಮಾನ ಅಂತ ಸ್ಟೇಷನ್ನಲ್ಲಿ ಬಾಯ್ ಬುಟ್ಟೀಯ."

ಅವನು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ನಾನು ಮೇಷ್ಟ್ರನ್ನು ಕೇಳಿದೆ: "ಸಾರ್, ಅವತ್ತು ಪ್ರೆಸ್ಸಲ್ಲಿದ್ದಿದ್ದೂ ಈಗಿರೋದೂ ಒಂದೇ ಪ್ರೋಗ್ರಾಮಾ?"

"ಒಂದೇ ಕಣಮ್ಮ. ಒಂದಕ್ಷರ ಬದಲಾಗಿಲ್ಲ."

"ಅವತ್ತಿಂದು ಎಲ್ಲಿ ಕಂಪೈಲ್ ಮಾಡಿದ್ರಿ? ಪೂಜೆ ಆಗಿತ್ತಲ್ಲ."

ಅವರು ನೆನಪಿಸಿಕೊಂಡರು. ಆಯುಧಪೂಜೆಯ ದಿನ ಅವರು ಆಫೀಸಿಗೆ ಬರುವಷ್ಟರಲ್ಲಿ ಯಜಮಾನರ ಪೂಜೆ ಮುಗಿದಿತ್ತು. ಕಂಪ್ಯೂಟರಿನ ಮೇಲೆ ವಿಭೂತಿ ಬಿದ್ದಿತ್ತು. ಯಜಮಾನರಿಗೆ ಎದುರಾಡುವ ಬದಲು ಮೇಷ್ಟ್ರು ಜಯಲಕ್ಷ್ಮಿಪುರಂನ ಒಂದು ಕೋಚಿಂಗ್ ಸೆಂಟರಿಗೆ ಹೋದರು. ಅಲ್ಲಿಯ ಪೂಜೆ ಸಂಜೆಗಿತ್ತು. ಮಧ್ಯಾಹ್ನ ಒಂದು ಕಂಪ್ಯೂಟರ್ ಬಿಡುವಾಗಿತ್ತು. "ಅಲ್ಲಿ ಏನೋ ಎರರ್ ಬಂತು," ಎಂದರು. "ಹೆಡರ್ ಫೈಲು ಗಲಾಟೆ. ಮೇಲ್ಗಡೆ ನಾಲ್ಕು ಸಾಲು ಬರೆದು ಸುಮ್ಮನಾಗಿಸ್ದೆ. ಲೆಕ್ಕ ಎಲ್ಲ ಅದೇ."

ನಾನು ಆ ಫ್ಲಾಪಿ ಕೇಳಿದೆ. ಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ಹೆದರಿಕೆಯೇನೂ ಇರಲಿಲ್ಲ. ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಇರಲಿಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು. ಪ್ರೆಸ್ಸಿಗೆ ಆಜ್ಞೆ ಕಳಿಸಲು ಮೇಷ್ಟ್ರು ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಆಜ್ಞೆಗಳ ಕಟ್ಟು, ಬರೆದಿದ್ದರು. ಅದಕ್ಕೆ ಎಷ್ಟು ಸಂಖ್ಯೆಗಳನ್ನಾದರೂ ಕೊಡಬಹುದಿತ್ತು. ಒಮ್ಮೆ ದೂರ ಮಾತ್ರ, ಇನ್ನೊಮ್ಮೆ ದೂರ, ಒತ್ತಡ, ಕಾಯುವ ಹೊತ್ತು ಮೂರೂ. ಸಿ ಭಾಷೆಯಲ್ಲಿ ಇಂಥ ಫಂಕ್ಷನ್ನಿಗೆ ಆವರಣದಲ್ಲಿ ಮೂರು ಚುಕ್ಕೆ ಇಡುತ್ತಾರೆ. ಉಳಿದ ಕಡೆಗಳಲ್ಲಿ ಕೊಟ್ಟದ್ದಕ್ಕೂ ಬೇಕಾದದ್ದಕ್ಕೂ ತಾಳೆಯಾಗದಿದ್ದರೆ ಕಂಪೈಲರ್ ತಡೆಯುತ್ತದೆ, ಇಲ್ಲವೆ ತಾನೇ ಸರಿಪಡಿಸುತ್ತದೆ. ಆ ಮೂರು ಚುಕ್ಕೆಯ ಜಾಗಕ್ಕೆ ಬಂದದ್ದನ್ನು ಅದು ನೋಡುವುದೇ ಇಲ್ಲ. ಕಳಿಸುವವನೂ ತೆಗೆದುಕೊಳ್ಳುವವನೂ ಒಂದೇ ಅಳತೆ ಇಟ್ಟುಕೊಂಡಿದ್ದಾರೆಂದು ನಂಬಿ ಸುಮ್ಮನಿರುತ್ತದೆ.

ದೂರವನ್ನು ಮೇಲಿನ ತುದಿಯಿಂದ ಅಳೆಯುತ್ತಿದ್ದೆವು. ತುದಿ ಎಂದರೆ ಸೊನ್ನೆ. ಈ ತುದಿ, ಕೆಳಗಿನ ಕೊನೆ ಮುಂತಾದ ಮಿತಿಗಳೆಲ್ಲ ಒಂದು ಹೆಡರ್ ಫೈಲಿನಲ್ಲಿ, ಅಂದರೆ ಕಂಪೈಲರ್ ಮೊದಲು ಓದಿಕೊಳ್ಳುವ ಪಟ್ಟಿಯಲ್ಲಿ, ಇದ್ದವು. ಅದಕ್ಕೆ ಮೇಷ್ಟ್ರು 'ಲಿಮಿಟ್ಸ್' ಎಂದು ಹೆಸರಿಟ್ಟಿದ್ದರು. ಕಂಪೈಲರುಗಳ ಜೊತೆಗೂ ಅದೇ ಹೆಸರಿನ ಒಂದು ಫೈಲು ಬರುತ್ತದೆ, ಅದರಲ್ಲಿರುವುದು ಬೇರೆಯೇ. ನಮ್ಮ ಆಫೀಸಿನಲ್ಲಿ ಮೊದಲು ನಮ್ಮದು ಸಿಗುವಂತೆ ಹೊಂದಿಸಿದ್ದೆವು, ಆದ್ದರಿಂದ ತೊಂದರೆ ಕಂಡಿರಲಿಲ್ಲ.

ಕೋಚಿಂಗ್ ಸೆಂಟರಿಗೆ ನಾನು ಮಧ್ಯಾಹ್ನ ಹೋದೆ. ಪಕ್ಕದ ಕಂಪ್ಯೂಟರಿನಲ್ಲಿ ಇಬ್ಬರು ಹುಡುಗಿಯರು ಟೈಪಿಂಗ್ ಆಟವಾಡುತ್ತ ನಗುತ್ತಿದ್ದರು. ಮೇಷ್ಟ್ರು ಸೇರಿಸಿದ ನಾಲ್ಕು ಸಾಲು ತೆಗೆದು ಕಂಪೈಲ್ ಮಾಡಿದೆ. ಪರದೆಯ ತುಂಬ ಎರರ್. ನಮ್ಮ ಫೈಲಿನ ಬದಲು ಕಂಪೈಲರ್ ತನ್ನ 'ಲಿಮಿಟ್ಸ್' ಎತ್ತಿಕೊಂಡಿತ್ತು. ತುದಿ ಎಂದರೇನೆಂದು ಅದಕ್ಕೆ ಗೊತ್ತಿರಲಿಲ್ಲ. ಸಾಲುಗಳನ್ನು ಮತ್ತೆ ಹಾಕಿದೆ. ಎರರ್ ಎಲ್ಲ ಹೋಯಿತು. ಒಂದು ಎಚ್ಚರಿಕೆಯೂ ಇಲ್ಲ.

ಆ ಸಾಲುಗಳಲ್ಲಿ ಮೇಷ್ಟ್ರು ಮಿತಿಗಳನ್ನು ನೆನಪಿನಿಂದ ಬರೆದಿದ್ದರು. ಲೆಕ್ಕ ಎಲ್ಲ ಸರಿಯಾಗಿಯೇ ಇತ್ತು. ತುದಿ, ಸೊನ್ನೆ.

ಪ್ರೆಸ್ಸಿಗೆ ಹೋಗಬೇಕಾದ ಸಂಖ್ಯೆಗಳನ್ನು ಪರದೆಗೆ ಬರುವಂತೆ ಮಾಡಿದೆ. ಡೈ ಸರಿಪಡಿಸುವ ಆಯ್ಕೆಗೆ ಹೋಗಿ ಮೇಲಕ್ಕೆ ಎಂದು ಒತ್ತಿದೆ. ದೂರದ ಜಾಗದಲ್ಲಿ ಸೊನ್ನೆ ಬರಬೇಕಿತ್ತು. ತೊಂಬತ್ತೆಂಟು ಲಕ್ಷಕ್ಕೂ ಮೀರಿದ ಒಂದು ಸಂಖ್ಯೆ ಬಂತು.

ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ನಮ್ಮ ಆಫೀಸಿನ ಕಂಪೈಲರ್ ಸಾಮಾನ್ಯ ಸಂಖ್ಯೆಗೂ ದೊಡ್ಡ ಸಂಖ್ಯೆಗೂ ಒಂದೇ ಅಳತೆಯ ಜಾಗ ಕೊಡುತ್ತಿತ್ತು. ಸೆಂಟರಿನದು ಹಳೆಯದು, ಸಾಮಾನ್ಯ ಸಂಖ್ಯೆಗೆ ಅದರರ್ಧ ಜಾಗ. ಉಳಿದ ಮಿತಿಗಳು ತಾವೇ ದೊಡ್ಡ ಸಂಖ್ಯೆಗಳಾದ್ದರಿಂದ ದೊಡ್ಡ ಜಾಗವನ್ನೇ ಪಡೆದವು. ಸೊನ್ನೆಯೊಂದು ಮಾತ್ರ ಅರ್ಧ ಜಾಗದಲ್ಲಿ ಕೂತಿತು. ಫಂಕ್ಷನ್ ದೂರವನ್ನು ಪೂರ್ತಿ ಜಾಗದ ಅಳತೆಯಲ್ಲಿ ಓದಿತು. ಉಳಿದರ್ಧದಲ್ಲಿ ಪಕ್ಕದವನು, ಅಂದರೆ ಒತ್ತಡದ ಸಂಖ್ಯೆ, ಕೂತಿದ್ದ. ಇಬ್ಬರನ್ನೂ ಸೇರಿಸಿ ಒಬ್ಬನೆಂದು ಓದಿತು. ಅಷ್ಟು ದೂರ ಪ್ರೆಸ್ಸಿನಲ್ಲಿ ಇರಲೇ ಇಲ್ಲ. ಮಿತಿ ಮೀರಿದ ದೂರ ಬಂದರೆ ಕೆಳಗಿನ ಕೊನೆಯ ತನಕ ಇಳಿದು ನಿಲ್ಲು ಎಂದು ಪ್ರೋಗ್ರಾಮಿನಲ್ಲಿತ್ತು. ಇಳಿದು ನಿಂತಿತ್ತು.

ದಿನನಿತ್ಯದ ಕೆಲಸದಲ್ಲಿ ಪ್ರೆಸ್ಸು ಆ ತುದಿಗೆ ಹೋಗುತ್ತಿರಲಿಲ್ಲ. ಡೈ ಸರಿಪಡಿಸುವಾಗ ಮಾತ್ರ ಹೋಗುತ್ತಿತ್ತು. ಅಂದರೆ ಒಳಗೆ ಒಬ್ಬನ ಕೈ ಇರುವಾಗ ಮಾತ್ರ.

ಮೇಷ್ಟ್ರನ್ನು ಅಲ್ಲಿಗೇ ಕರೆಸಿದೆ. ಅವರು ನಿಂತುಕೊಂಡೇ ಪರದೆಯ ಸಂಖ್ಯೆ ನೋಡಿದರು. ವಿವರಿಸಲು ಹೊರಟೆ. "ಬೇಡ," ಎಂದು ಕೈ ತೋರಿಸಿದರು. ಎರಡು ವರ್ಷ ನನಗೆ ಇದನ್ನೇ ಪಾಠ ಮಾಡಿದವರು, ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪಕ್ಕದ ಹುಡುಗಿಯರು ನಗುವುದನ್ನು ನಿಲ್ಲಿಸಿ ಅವರನ್ನು ನೋಡುತ್ತಿದ್ದರು. 

"ಯಾರಿಗಾದ್ರೂ ಹೇಳಿದ್ಯೇನಮ್ಮ?"

"ಇಲ್ಲ ಸಾರ್."

"ಅವನಿಗೆ ಜೈಲಾಗತ್ತೆ ಅಂತಾರಲ್ಲ."

"ಹೌದು ಸಾರ್."

ಮೇಷ್ಟ್ರು, "ನನ್ನನ್ನ ಕೊಂದೇ ಬುಡ್ತಾರೆ ಕಣಮ್ಮ ಸೆಟ್ಟರ್ ಕಡೆಯೋರು," ಎಂದರು. ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಲೆಕ್ಕದ ಉತ್ತರ ಹೇಳಿದಂತೆ ಹೇಳಿದರು. ಆಮೇಲೆ ಫ್ಲಾಪಿ ತೆಗೆದು ಜೇಬಿಗೆ ಹಾಕಿಕೊಂಡು, "ನಡಿ, ಯಜಮಾನ್ರ ಹತ್ರ ಹೋಗೋಣ," ಎಂದರು.

ಯಜಮಾನರು ಪೂರ್ತಿ ಕೇಳಿ, ಎದ್ದು, ಆಫೀಸಿನ ಕಂಪ್ಯೂಟರಿನ ಮುಂದೆ ನಿಂತರು. ಗಾಜಿನ ಮೂಲೆಯಲ್ಲಿ ವಿಭೂತಿ ಇನ್ನೂ ಒಣಗಿ ಅಂಟಿತ್ತು. "ನಾನು ಮುಟ್ಬೇಡಿ ಅಂದೆ," ಎಂದರು. "ಒಂದು ದಿನ ತಡವಾಗಿ ಒತ್ತಿದ್ರೆ ಏನಾಗ್ತಿತ್ತು? ನನಗೆ ಮೊದಲನೇ ತುಂಡು ದಶಮಿಗೇ ಬೇಕಿತ್ತು."  ಕೊನೆಗೆ ಅವರೇ ಹೇಳಿದರು: "ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ ಕಣ್ರೀ. ಅವರೆಲ್ಲ ಬರ್ಲಿ. ಅವರ ಕಣ್ಣ ಮುಂದೇ ಆಗ್ಲಿ."

ಹೆಡ್ ಕಾನ್‌ಸ್ಟೇಬಲ್ ಬಂದರು. ಸೆಟ್ಟರನ ತಮ್ಮ ಆ ಇಬ್ಬರು ಜೊತೆಗಾರರೊಂದಿಗೆ ಬಂದು ತೊಲೆಗೆ ಒರಗಿ ನಿಂತ. ಆಪರೇಟರ್ ಬಲಗೈಗೆ ಪಟ್ಟಿ ಕಟ್ಟಿಕೊಂಡು ಬಂದ. ತಮ್ಮನನ್ನು ಕಂಡು ಬಾಗಿಲಲ್ಲೇ ನಿಂತವನನ್ನು ಯಜಮಾನರು ತೋಳು ಹಿಡಿದು ಒಳಗೆ ಕರೆತಂದರು. ಮೇಷ್ಟ್ರು ತಾವೇ ಫ್ಲಾಪಿ ಹಾಕಿದರು. ದಶಮಿಯ ದಿನ ಇದ್ದದ್ದು ಇದೇ ಪ್ರೋಗ್ರಾಮು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಡೈ ಇದ್ದ ಜಾಗದಲ್ಲಿ ನಾನು ಒಂದು ಹಲಸಿನ ಮರದ ತುಂಡು ಇಟ್ಟೆ. ಇಟ್ಟ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡೆ.

"ಒತ್ತಪ್ಪಾ," ಎಂದರು ಹೆಡ್ ಕಾನ್‌ಸ್ಟೇಬಲ್. "ಯಾವುದು ಒತ್ತುತೀಯ ನಮಗೆ ಕಾಣೋ ಹಂಗೆ ಒತ್ತು."

ಆಪರೇಟರ್ ಎಡಗೈ ಚಾಚಿದ. ಬೆರಳನ್ನು ಮೇಲಿನ ಗುಂಡಿಯ ಮೇಲಿಟ್ಟು, ಎಲ್ಲರೂ ನೋಡಿದರೋ ಎಂದು ಹಿಂದೆ ತಿರುಗಿ ನೋಡಿ, ಒತ್ತಿದ.

ಪ್ರೆಸ್ಸು ಕೆಳಗೆ ಬಂತು. ಮರ ಮೊದಲು ನರಳಿತು, ಆಮೇಲೆ ಸಿಡಿಯಿತು. ಒಂದು ಸಿಬಿರು ನನ್ನ ಮುಂಗೈಗೆ ನಾಟಿತು, ಇನ್ನೊಂದು ಹೆಡ್ ಕಾನ್‌ಸ್ಟೇಬಲರ ಟೋಪಿಯನ್ನು ಹಾರಿಸಿತು. ಅವರು, "ಅಯ್ಯಯ್ಯೋ, ಏನ್ರೀ ಇದು!" ಎಂದು ಹಿಂದೆ ಸರಿದರು. ಸೆಟ್ಟರನ ತಮ್ಮ ಮುಂದೆ ಬಂದು ಚಪ್ಪಟೆಯಾದ ಮರವನ್ನು ನೋಡಿದ. ಅದರ ನಾರುಗಳು ಎರಡೂ ಕಡೆ ಹರಡಿದ್ದವು.

"ಇನ್ನೊಂದ್ಸಲ," ಎಂದ.

ವಾಲ್ವು ತಿರುಗಿಸಿ, ಮೇಲಿನ ಭಾಗವನ್ನು ಸಲಾಕೆಯಿಂದ ಎತ್ತಿ, ಇನ್ನೊಂದು ತುಂಡು ಇಟ್ಟೆವು. ಈ ಸಲ ಗುಂಡಿಯನ್ನು ಆ ತಮ್ಮನೇ ಒತ್ತಿದ. ಅದೇ ಆಯಿತು. ಅವನು ಗುಂಡಿಯಿಂದ ಬೆರಳು ತೆಗೆಯದೆ ಆ ಮರವನ್ನೇ ನೋಡುತ್ತಿದ್ದ. ಅವನ ಉಸಿರು ನನಗೆ ಕೇಳುತ್ತಿತ್ತು. ಆಪರೇಟರನ ಕಡೆ ಅವನು ತಿರುಗಲಿಲ್ಲ. ತಿರುಗುತ್ತಾನೆಂದು ನಾನು ಕಾದಿದ್ದೆ.

"ಇದನ್ನ ಬರ್ದೋರು ಯಾರು?"

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, "ನಾನಪ್ಪ," ಎಂದರು. ಮುಂದೆ ಏನೋ ಹೇಳಲು ಕೈ ಎತ್ತಿದ್ದರು. ತಮ್ಮ ಅವರ ಕೂದಲು ಹಿಡಿದು ಮುಖವನ್ನು ಪ್ರೆಸ್ಸಿನ ಅಂಚಿಗೆ ಗುದ್ದಿದ. ಅವರ ಕನ್ನಡಕ ಬೆಡ್ಡಿನ ಮೇಲೆ ಬಿತ್ತು. ಜೊತೆಗಾರರಿಬ್ಬರೂ ನುಗ್ಗಿದರು. ಮೇಷ್ಟ್ರು ಕೆಳಗೆ ಬಿದ್ದ ಮೇಲೆ ಒದ್ದರು, ಪಕ್ಕೆಗೆ, ಬೆನ್ನಿಗೆ. ಅವರು ತಡೆಯಲು ಕೈ ಅಡ್ಡ ಇಡಲಿಲ್ಲ, ತಲೆಯನ್ನು ಮಾತ್ರ ಮೊಣಕಾಲಿಗೆ ಒತ್ತಿಕೊಂಡರು. ಯಜಮಾನರು ಅವರ ಮೇಲೆ ಬಿದ್ದು ಅಡ್ಡವಾದರು. ಎಪ್ಪತ್ತರ ಹತ್ತಿರದ ಮನುಷ್ಯ, ಅವರಿಗೂ ಏಟು ಬಿತ್ತು. ನಾನು ಮೇನ್ ಸ್ವಿಚ್ಚು ಇಳಿಸಿದೆ. ಹೊಡೆದಾಟ ನಿಲ್ಲಲಿ ಎಂದು ಹಾಗೆ ಮಾಡಿದೆನೇನೋ, ತಿಳಿಯದು. ಹೆಡ್ ಕಾನ್‌ಸ್ಟೇಬಲ್ ಲಾಠಿಯಿಂದ ತಮ್ಮನ ಮೊಣಕಾಲಿನ ಹಿಂದೆ ಹೊಡೆದು, ಅವನು ಕುಸಿದ ಮೇಲೆ ಬೆನ್ನಿನ ಮೇಲೆ ಕಾಲಿಟ್ಟು, "ನನ್ ಎದುರ್ಗೇ ಕೈ ಎತ್ತೀಯೇನೋ?" ಎಂದು ಇನ್ನೆರಡು ಕೊಟ್ಟರು. ತಮ್ಮ ನೆಲಕ್ಕೆ ಕೆನ್ನೆ ಒತ್ತಿ ಅಳುತ್ತಿದ್ದ. "ನಮ್ಮಣ್ಣಂಗೆ ಕೈಯಿಲ್ಲ ಸಾರ್," ಎಂದು ಅದನ್ನೇ ಹೇಳುತ್ತಿದ್ದ.

ಇಷ್ಟೂ ಹೊತ್ತು ಆಪರೇಟರ್ ಗುಂಡಿಗಳ ಹತ್ತಿರ ನಿಂತಲ್ಲೇ ನಿಂತಿದ್ದ. ಬಿಡಿಸಲು ಬರಲಿಲ್ಲ, ದೂರ ಹೋಗಲೂ ಇಲ್ಲ. ಗದ್ದಲ ಇಳಿದ ಮೇಲೆ ಅವನು ಹೆಡ್ ಕಾನ್‌ಸ್ಟೇಬಲರ ಹತ್ತಿರ ಬಂದು, ಕೆಳಗೆ ಬಿದ್ದಿದ್ದ ಅವರ ಟೋಪಿಯನ್ನು ಎತ್ತಿಕೊಟ್ಟ.

"ಸಾರ್, ನಾಳೆ ನಾನು ಸ್ಟೇಷನ್ಗೆ ಬರ್ಬೇಕಾ?"

ಅವರಿಗೆ ಆ ಪ್ರಶ್ನೆ ಕೂಡಲೇ ಅರ್ಥವಾಗಲಿಲ್ಲ. ಏದುಸಿರು ಬಿಡುತ್ತ ಅವನನ್ನು ನೋಡಿದರು, ಪ್ರೆಸ್ಸನ್ನು ನೋಡಿದರು.

"ಬ್ಯಾಡ ಕಣಪ್ಪ. ಸಾಹೇಬ್ರಿಗೆ ನಾನ್ ಹೇಳ್ತೀನಿ. ನೀನು ಮನೇಗ್ ಹೋಗು."

"ನಾನು ಒತ್ತಿದ್ದು ಮೇಲಿಂದೇ ಅಂತ ಹೇಳ್ತೀರಾ ಸಾರ್?"

"ಹೇಳ್ತೀನಿ, ಹೋಗು."

ಅವನು ಹೋಗಲಿಲ್ಲ. ನೆಲದ ಮೇಲಿದ್ದ ತಮ್ಮನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡಿದ್ದ. ಹೊಡೆಯುತ್ತಾನೆಂದು ಆ ಹುಡುಗ ಕಣ್ಣು ಮುಚ್ಚಿದ. ಹೆಡ್ ಕಾನ್‌ಸ್ಟೇಬಲರೂ ಹಾಗೆಂದುಕೊಂಡರೇನೋ, ಲಾಠಿಯನ್ನು ಪಕ್ಕಕ್ಕೆ ಹಿಡಿದು ಸುಮ್ಮನೆ ನಿಂತರು.

"ನಿಮ್ಮಣ್ಣಂಗೆ ಇವತ್ತೇ ಹೇಳು," ಎಂದ ಆಪರೇಟರ್. "ಎತ್ತು ಅಂದ. ಎತ್ತೋದನ್ನೇ ಒತ್ತಿದೆ ಅಂತ ಹೇಳು. ಹೇಳೋ, ಹೇಳ್ತೀಯೋ ಇಲ್ವೋ?"

ತಮ್ಮ ತಲೆಯಾಡಿಸಿದ. ಆಪರೇಟರನಿಗೆ ಅದು ಸಾಲಲಿಲ್ಲ. "ಬಾಯ್ ಬುಟ್ ಹೇಳು."

"ಹೇಳ್ತೀನಿ," ಎಂದ ತಮ್ಮ.

ಆಮೇಲೆ ಆಪರೇಟರ್ ಎದ್ದು ಹೋದ. ಹೋಗುವಾಗ ಮೇಷ್ಟ್ರನ್ನು ದಾಟಿಕೊಂಡೇ ಹೋಗಬೇಕಿತ್ತು. ಒಂದು ಕ್ಷಣ ನಿಂತು ಅವರನ್ನು ನೋಡಿದ. ಅವರು ಗೋಡೆಗೆ ಒರಗಿ ಕೂತಿದ್ದರು, ಮೂಗಿನಿಂದ ರಕ್ತ ಅಂಗಿಗೆ ಇಳಿಯುತ್ತಿತ್ತು. ಕನ್ನಡಕವಿಲ್ಲದ ಕಣ್ಣಿಗೆ ಎದುರಿಗಿದ್ದವನು ಯಾರೆಂದು ಕಂಡಿತೋ ಇಲ್ಲವೋ.  ನಾನು ಮತ್ತು ಯಜಮಾನರು ಮೇಷ್ಟ್ರ ಕಂಕುಳಿಗೆ ಕೈಕೊಟ್ಟು ಎತ್ತಿದೆವು. ಅವರು ಪಕ್ಕೆ ಹಿಡಿದುಕೊಂಡು, "ಮೆಲ್ಲಗೆ," ಎಂದರು. ವ್ಯಾನಿನ ಹಿಂದಿನ ಬಾಗಿಲು ತೆರೆದೆವು. ನೆಲದ ಗೋಣಿಯನ್ನು ಯಾರೂ ತೆಗೆದಿರಲಿಲ್ಲ. ಯಜಮಾನರು ಅದನ್ನು ಸುತ್ತಿ ಆಚೆ ಎಸೆದು, ಹೆಗಲ ಮೇಲಿದ್ದ ಶಲ್ಯ ಹಾಸಿದರು.